ಮೇಜಿನ ಮೇಲೆ ಹರಡಿದ ನೋಟು
ಲಾಸ್ ವೇಗಸ್‌ನ ಬ್ಲ್ಯಾಕ್‌ಜ್ಯಾಕ್ ಮೇಜಿನಲ್ಲಿ ಇಸ್ಪೀಟು ಎಲೆ ಎಣಿಸುವ ಚತುರನನ್ನು ಅವನು ಚಿಪ್ ಕೊಳ್ಳುವ ರೀತಿಯೇ ಬಿಟ್ಟುಕೊಡಬಹುದು. ಡೀಲರ್ ನೋಟುಗಳನ್ನು ಮೇಲಿನ ಕ್ಯಾಮೆರಾಗೆ ಕಾಣುವಂತೆ ಹರಡುತ್ತಾನೆ. ಮೊತ್ತ ದೊಡ್ಡದಾದರೆ ಕೂಗಿ ಹೇಳುತ್ತಾನೆ, ಮೇಲ್ವಿಚಾರಕನ ಕಣ್ಣು ಇತ್ತ ತಿರುಗುತ್ತದೆ. ಅದಕ್ಕೇ ಪಳಗಿದವರು ಆ ಮೇಜಿಗೆ ಒಪ್ಪುವಷ್ಟೇ ಹಣ ತೆಗೆದು, ಮಿಕ್ಕದ್ದನ್ನು ಜೇಬಿನಲ್ಲೇ ಉಳಿಸಿ, ಎಣಿಕೆ ತಮ್ಮ ಪರ ತಿರುಗಿದಾಗ ಮತ್ತೆ ಚಿಪ್ ಕೊಳ್ಳುತ್ತಾರೆ, ಸೋತದ್ದನ್ನು ಹಿಂಪಡೆಯಲು ಹೊರಟ ಸಾಮಾನ್ಯ ಆಟಗಾರನಂತೆ. ಇದನ್ನು ನಾನು ಮೋಸ ಎನ್ನಲಾರೆ. ಬರೀ ತಲೆಯಲ್ಲಿ ಎಣಿಸುವುದು ನೆವಾಡಾದಲ್ಲಿ ಅಪರಾಧವಲ್ಲ. ಆದರೂ ಕ್ಯಾಸಿನೊ ಅಂಥವರನ್ನು ಹೊರಗಟ್ಟಬಹುದು. ನ್ಯೂಜೆರ್ಸಿಯ ಸುಪ್ರೀಂ ಕೋರ್ಟ್ ಮಾತ್ರ 1982ರಲ್ಲಿ ಎಣಿಕೆಗಾರ ಕೆನ್ ಯೂಸ್ಟನ್ ಪರ ತೀರ್ಪು ಕೊಟ್ಟಿತು. ಆದರೆ ಹಣವನ್ನು ಹೀಗೆ ಬಿಡಿಬಿಡಿಯಾಗಿ ತೆಗೆಯುವುದಕ್ಕೂ ಒಂದು ಮಿತಿಯಿದೆ: ಒಬ್ಬ ಆಟಗಾರನಿಂದ ದಿನಕ್ಕೆ 10,000 ಡಾಲರ್ ಮೀರಿದ ನಗದು ಬಂದರೆ ಅದನ್ನು ಕ್ಯಾಸಿನೊ ಸರ್ಕಾರಕ್ಕೆ ತಿಳಿಸಲೇಬೇಕು. ಆ ವರದಿ ತಪ್ಪಿಸಲೆಂದೇ ಹಣವನ್ನು ತುಂಡುತುಂಡಾಗಿ ಕೊಟ್ಟರೆ ಅದು ಫೆಡರಲ್ ಅಪರಾಧ.