ಉಳುವವನ ಮಗನಿಗೆ ಶಾಲೆ ಎಲ್ಲಿ?

ಧಾರವಾಡದಲ್ಲಿ 1947ರಲ್ಲೇ ಕೃಷಿ ಕಾಲೇಜು ತೆರೆಯಿತು. ಬೆಂಗಳೂರಿಗೆ 1964ರಲ್ಲಿ, ಧಾರವಾಡಕ್ಕೆ 1986ರಲ್ಲಿ ಕೃಷಿ ವಿಶ್ವವಿದ್ಯಾನಿಲಯಗಳೂ ಬಂದವು. ಒಳ್ಳೆಯದೇ. ಆದರೆ ಅಲ್ಲಿ ಪದವಿಗೆ ಪಿಯುಸಿ, ಡಿಪ್ಲೊಮಾಗೆ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು. ನಪಾಸಾಗಿ ಎರಡೆಕರೆ ಒಣಭೂಮಿ ಉಳುವ ಹುಡುಗನಿಗೆ ಕಲಿಸುವವರಾರು? ಕೃಷಿ ವಿಜ್ಞಾನ ಕೇಂದ್ರ ಇರುವುದು ಜಿಲ್ಲೆಗೆ ಒಂದೋ ಎರಡೋ. ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಬೀಜ ಹಂಚುವುದರಲ್ಲೇ ಹೊತ್ತು ಹೋಗುತ್ತದೆ. ಕೊನೆಗೆ ಔಷಧಿ ಕಂಪನಿಯ ಏಜೆಂಟನೇ ಅವನ ಗುರು!

ಗಿರಣಿ ಕಾರ್ಮಿಕರೇ, ಸಣ್ಣ ವರ್ತಕರೇ, ಇದು ನಮ್ಮ ಪ್ರಶ್ನೆಯೂ ಹೌದು. ಹೊಲದಲ್ಲಿ ಸೋತ ಹುಡುಗ ಅರ್ಧ ಕೂಲಿಗೆ ಗಿರಣಿ ಬಾಗಿಲಲ್ಲಿ ನಿಲ್ಲುತ್ತಾನೆ. ಅವನ ಜೇಬು ಬರಿದಾದರೆ ಅಂಗಡಿಯ ಗಲ್ಲಾವೂ ಬರಿದು. ಹೋಬಳಿಗೊಂದು ಹೊಲಶಾಲೆ ಬೇಕು; ಕಲಿಯುವ ದಿನಗಳಿಗೆ ಕೂಲಿ ಬೇಕು. ಭಿಕ್ಷೆಯೆಂದಲ್ಲ, ಹಕ್ಕೆಂದು ಕೇಳೋಣ.