ಎರಡನೇ ಟಾರ್ಚು

ನಮ್ಮ ಸಂಘದ ಗೆಳೆಯರು ಬರುವ ರಜೆಯಲ್ಲಿ ನೇತ್ರಾಣಿಗೆ ಹೋಗಿ ಸ್ಕೂಬಾ ಕಲಿಯುವ, ಆಮೇಲೆ ಅಂಡಮಾನಿನಲ್ಲಿ ರಾತ್ರಿ ಮುಳುಗುವ ಮಾತಾಡುತ್ತಿದ್ದಾರೆ. ಸಂತೋಷ. ಆದರೆ ಕ್ಯಾಂಟೀನಿನಲ್ಲಿ ಕೂತು ಖರ್ಚಿನ ಪಟ್ಟಿ ಮಾಡುವಾಗ ಮೊದಲು ಕತ್ತರಿ ಬಿದ್ದದ್ದು ಎರಡನೇ ಟಾರ್ಚಿಗೆ! "ಅಲ್ಲ ಮಾರಾಯ, ಕೈಯಲ್ಲೊಂದು ಇರ್ತದಲ್ಲ, ಇನ್ನೊಂದು ಯಾಕೆ? ಜೊತೆಯವನ ಹತ್ರ ಬೇರೆ ಇರ್ತದೆ" ಎಂದ ಒಬ್ಬ. ಹೋದ ವರ್ಷ ನಾನೂ ಇದೇ ಮಾತನ್ನಾಡಿದವನು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹ್ಯಾವ್‌ಲಾಕಿನಲ್ಲಿ (2018ರಿಂದ ಅದು ಸ್ವರಾಜ್ ದ್ವೀಪ) ರಾತ್ರಿ 12 ಮೀಟರ್ ಆಳದಲ್ಲಿದ್ದೆವು. ಸಾಮಾನು ಬಾಡಿಗೆಗೆ ಕೊಟ್ಟವರು ತಲೆಗೊಂದೇ ಟಾರ್ಚು ಕೊಟ್ಟಿದ್ದರು, ನಾವೂ ಕೇಳಲಿಲ್ಲ. ಬಂಡೆಯ ಸಂದಿಯಲ್ಲಿ ಏಡಿಯೊಂದನ್ನು ನೋಡುತ್ತಿದ್ದೆ. ನನ್ನ ಟಾರ್ಚು ಎರಡು ಸಲ ಮಿಣುಕಿ ಆರಿಹೋಯಿತು. ಕತ್ತಲೆ ಅಂದರೆ ನಮ್ಮ ಮುಂಬಯಿಯವರಿಗೇನು ಗೊತ್ತು? ಕರೆಂಟು ಹೋದರೂ ಎದುರಿನ ರಸ್ತೆಯ ಬೆಳಕು ಕಿಟಕಿಯಿಂದ ಬರುತ್ತದೆ. ಅಲ್ಲಿ ನನ್ನ ಕೈ ನನಗೇ ಕಾಣಲಿಲ್ಲ. ಸಿಲಿಂಡರಿನಲ್ಲಿ ಗಾಳಿ ಎಷ್ಟಿದೆ ಎಂದು ಓದಲಾಗಲಿಲ್ಲ. ಜೊತೆಗಾರನ ಬೆಳಕು ಆಚೆ ಕಡೆ ತಿರುಗಿತ್ತು. "ಏ, ಇಲ್ಲಿ ನೋಡೋ" ಎಂದು ನೀರೊಳಗೆ ಕೂಗಲಾಗುತ್ತದೆಯೆ? ರಾತ್ರಿ ಅಲ್ಲಿ ಬೆಳಕೇ ಬಾಯಿ. ಟಾರ್ಚಿನಿಂದ ವೃತ್ತ ಬರೆದರೆ 'ಸರಿಯಿದ್ದೇನೆ', ಜೋರಾಗಿ ಅತ್ತಿತ್ತ ಬೀಸಿದರೆ 'ತೊಂದರೆ'. ನನಗೆ ಆ ಬಾಯಿಯೂ ಹೋಗಿತ್ತು. ಹೇಗೋ ಈಜಿ ಹೋಗಿ ಅವನ ಕಾಲು ಹಿಡಿದೆ. ಅವನು ಬೆಚ್ಚಿ ಒದ್ದ! ಮೇಲೇಳುವ ಮೊದಲು 5 ಮೀಟರಿನಲ್ಲಿ 3 ನಿಮಿಷ ನಿಲ್ಲಬೇಕಲ್ಲ, ಇಬ್ಬರ ನಡುವೆ ಒಂದೇ ಬೆಳಕು. ಆ 3 ನಿಮಿಷವೂ ಒಂದೇ ಯೋಚನೆ: ಇದೂ ಆರಿದರೆ?

ಜೊತೆಗಾರನ ದೀಪವೇ ನನ್ನ ಮೀಸಲು ದೀಪ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ದೀಪ ಆರಿದಾಗಲೇ ಜೊತೆಗಾರ ಕೈತಪ್ಪುವುದು. ನೀರು ತುಂಬಿದ ಗುಹೆಗಳಲ್ಲಿ ಈಜುವವರು ಒಬ್ಬೊಬ್ಬರೂ ಮೂರು ದೀಪ ಇಟ್ಟುಕೊಳ್ಳುತ್ತಾರೆ, ಒಂದು ಮುಖ್ಯ, ಎರಡು ಮೀಸಲು. ಅವರೇನು ಹಣ ಹೆಚ್ಚಾದವರೆ?

ಇನ್ನೊಂದು ವಾದ ಉಂಟು: ಹೆಚ್ಚು ದೀಪವಿದ್ದರೆ ಹುಚ್ಚು ಧೈರ್ಯ ಬರುತ್ತದೆ ಎಂದು. ಇದರಲ್ಲಿ ಹುರುಳಿದೆ. ಅಮೆರಿಕದ ಫ್ಲಾರಿಡಾದಲ್ಲಿ ಕೆಲವು ಬುಗ್ಗೆಗಳಲ್ಲಿ ಗುಹೆಯ ತರಬೇತಿ ಇಲ್ಲದವರು ಟಾರ್ಚು ಒಯ್ಯುವಂತೆಯೇ ಇಲ್ಲ. ಬೆಳಕಿದ್ದರೆ ಒಳಗೆ ನುಗ್ಗುತ್ತಾರೆ ಅಂತ. ಆದ್ದರಿಂದಲೇ ನಾನು ಹೇಳುವುದು, ಎರಡನೆಯದು ಇನ್ನಷ್ಟು ನೋಡಲಿಕ್ಕಲ್ಲ, ವಾಪಸು ಬರಲಿಕ್ಕೆ. ಅದನ್ನು ಹೊತ್ತಿಸಿದಿರೋ, ಆಟ ಮುಗಿಯಿತು, ಇಬ್ಬರೂ ಮೇಲೆ.

ದೊಡ್ಡದೇನೂ ಬೇಡ. ಅಂಗೈಯುದ್ದದ್ದು ಸಾಕು. ಎದೆಯ ಬಳಿಯ ಉಂಗುರಕ್ಕೆ ಸಿಕ್ಕಿಸಿರಬೇಕು, ಕತ್ತಲಲ್ಲಿ ತಡವಿದರೆ ಕೈಗೆ ಸಿಗಬೇಕು. ದೋಣಿಯ ಚೀಲದಲ್ಲಿ ಉಳಿದದ್ದು ಇದ್ದೂ ಇಲ್ಲದ ಹಾಗೆ. ಮುಚ್ಚಳದ ರಬ್ಬರ್ ಉಂಗುರದಲ್ಲಿ ಒಂದು ಕೂದಲು ಸಿಕ್ಕಿಕೊಂಡರೂ ನೀರು ನುಗ್ಗುತ್ತದೆ; ಒರೆಸಿ ನೋಡಿ. ಇಳಿಯುವ ಮುನ್ನ ಎರಡನ್ನೂ ಹೊತ್ತಿಸಿ ನೋಡಿ. ಹಳೇ ಸೆಲ್ಲು ಹಾಕಿ ನನ್ನ ಹೆಸರು ಹೇಳಬೇಡಿ.

ಪಟ್ಟಿಯಲ್ಲಿ 'ಫೋಟೋ' ಎಂದು ಬರೆದಿಟ್ಟ ಹಣವಿದೆಯಲ್ಲ, ಅದರಲ್ಲಿ ಕಡಿಮೆ ಮಾಡಿ. ಒಪ್ಪದವರು ಮುಂದಿನ ಸಂಚಿಕೆಗೆ ಬರೆಯಲಿ, ಸಂಪಾದಕರಿಗೂ ಪುಟ ತುಂಬಬೇಕು. ನಾನೂ ಬರುವವನೇ. ನನ್ನ ಹೆಸರಿನ ಮುಂದೆ ಮಾತ್ರ ಟಾರ್ಚು ಎರಡು ಎಂದು ಬರೆದುಕೊಳ್ಳಿ.