ಕಾಣುವ ಕಣ್ಣಿನ ಕಾಣದ ಕಾಯಿಲೆ



ನಾವು ವೈದ್ಯರಲ್ಲ. ಮ್ಯಾಟ್ರಿಕ್ ಮುಗಿಸಿ ಅಕ್ಕಲಕೋಟೆಯ ಪೇಟೆಯಲ್ಲಿ ಕಿರಾಣಿ ಅಂಗಡಿ ನಡೆಸಿದವರು. ಆದರೂ ಈ ತಿಂಗಳು ಕಣ್ಣಿನ ವಿಷಯ ಬರೆಯುತ್ತಿದ್ದೇವೆ. ನಮ್ಮ ಮನೆಯಲ್ಲಿಯೇ ಒಂದು ಪಾಠವಾಗಿದೆ.

ನಮ್ಮ ಹಿರಿಯಣ್ಣನವರಿಗೆ ಹದಿನೈದು ವರ್ಷಗಳಿಂದ ಸಕ್ಕರೆ ಕಾಯಿಲೆ. ಕಣ್ಣು ತೋರಿಸಿಕೊಳ್ಳಿರಿ ಎಂದರೆ, "ಸೂಜಿಗೆ ದಾರ ಪೋಣಿಸುತ್ತೇನೆ, ನನಗೇನಾಗಿದೆ? ದೀಪಾವಳಿ ವ್ಯಾಪಾರ ಮುಗಿಯಲಿ" ಎನ್ನುತ್ತಿದ್ದರು. ದೀಪಾವಳಿಗಳು ಬಂದು ಹೋದವು. ಒಂದು ಮುಂಜಾನೆ ಎಡಗಣ್ಣಿನ ಮುಂದೆ ಮಸಿ ಚೆಲ್ಲಿದಂತಾಯಿತು. ಒಳಗೆ ರಕ್ತ ಸೋರಿತ್ತು. ಲೇಸರ್, ಶಸ್ತ್ರಕ್ರಿಯೆ ಎಲ್ಲವೂ ಆದವು. ಬಲಗಣ್ಣು ಉಳಿಯಿತು. ಎಡಗಣ್ಣಿಗೆ ಈಗ ಹಗಲು-ರಾತ್ರಿಯ ಭೇದವಷ್ಟೇ ತಿಳಿಯುತ್ತದೆ.

ಅವರನ್ನು ಸೊಲ್ಲಾಪುರಕ್ಕೆ ಕರೆದೊಯ್ದಾಗ ವೈದ್ಯರು, "ನಿಮಗೂ ಶುಗರ್ ಇದೆಯೇ?" ಎಂದು ನಮ್ಮನ್ನು ಕೇಳಿದರು. ಆರು ವರ್ಷದಿಂದ ಇದೆ ಎಂದೆವು. "ಕಣ್ಣು?" ಎಂದರು. "ಕೀರ್ದಿಯ ಸಣ್ಣ ಅಂಕಿಯೂ ಕಾಣುತ್ತದೆ" ಎಂದೆವು. ಅಣ್ಣನವರ ಮಾತನ್ನೇ ನಾವೂ ಆಡಿದ್ದೆವು! ಹನಿ ಹಾಕಿ, ಕಣ್ಣಿನ ಪಾಪೆ ಅಗಲ ಮಾಡಿ ನೋಡಿದಾಗ ಎರಡೂ ಕಣ್ಣಿನಲ್ಲಿ ಕೆಂಪು ಚುಕ್ಕೆಗಳಿದ್ದವು.

ವೈದ್ಯರು ತಿಳಿಸಿದ್ದು ಹೀಗೆ. ಕಣ್ಣಿನ ಹಿಂಬದಿಯಲ್ಲಿ ಅಕ್ಷಿಪಟಲವೆಂಬ ತೆಳುಪದರ ಇದೆ, ರೆಟಿನಾ ಎನ್ನುತ್ತಾರೆ. ನಾವು ನೋಡಿದ್ದೆಲ್ಲ ಅದರ ಮೇಲೆ ಮೂಡುತ್ತದೆ. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಹೆಚ್ಚಿದ್ದರೆ ಅಲ್ಲಿನ ಕೂದಲಿಗಿಂತ ಸಣ್ಣ ರಕ್ತನಾಳಗಳ ಗೋಡೆ ದುರ್ಬಲವಾಗಿ ಅಲ್ಲಲ್ಲಿ ಉಬ್ಬುತ್ತದೆ. ಕೆಲವು ಉಬ್ಬುಗಳಿಂದ ರಕ್ತ ಜಿನುಗುತ್ತದೆ, ಕೊಬ್ಬಿನ ಹಳದಿ ಕಣಗಳು ಕೂಡುತ್ತವೆ. ಅಕ್ಷಿಪಟಲದ ನಡುಭಾಗಕ್ಕೆ ಬಾವು ಬರುವವರೆಗೆ ನೋವಿಲ್ಲ, ಮಂಜಿಲ್ಲ. ಗೋಡೆಯ ಮೇಲಿನ ಅಕ್ಷರ ಓದಿದ ಮಾತ್ರಕ್ಕೆ ಕಣ್ಣು ನೆಟ್ಟಗಿದೆ ಎನ್ನಲಾಗದು.

ಇನ್ನೊಂದು ಮಾತು. ಸಕ್ಕರೆ ಏರಿಳಿದರೆ ಕಣ್ಣಿನ ಮಸೂರ ಉಬ್ಬಿ ಚಷ್ಮಾದ ನಂಬರ್ ತಾತ್ಕಾಲಿಕವಾಗಿ ಬದಲಾಗುತ್ತದೆ. ಇದು ಬೇರೆ ಸಂಗತಿ. ಸಕ್ಕರೆ ಹತೋಟಿಗೆ ಬಂದು ಕೆಲ ವಾರ ಕಳೆದ ಮೇಲೆ ಹೊಸ ಚಷ್ಮಾ ಮಾಡಿಸಿರಿ.

ಮೊದಲ ಹಂತದಲ್ಲಿ ಸಾಮಾನ್ಯವಾಗಿ ಕಣ್ಣಿಗೆ ಲೇಸರ್ ಬೇಕಿಲ್ಲ, ಚುಚ್ಚುಮದ್ದು ಬೇಕಿಲ್ಲ. ಸಕ್ಕರೆ, ರಕ್ತದೊತ್ತಡ, ಕೊಬ್ಬು ಈ ಮೂರನ್ನೂ ಹತೋಟಿಯಲ್ಲಿಡಬೇಕು. ಅಮೇರಿಕ, ಕೆನಡಾಗಳಲ್ಲಿ ಚಿಕ್ಕ ವಯಸ್ಸಿಗೇ ಬರುವ ಮಧುಮೇಹದ 1,441 ರೋಗಿಗಳ ಮೇಲೆ ನಡೆದ ಅಧ್ಯಯನದ ಫಲ 1993ರಲ್ಲಿ ಹೊರಬಿತ್ತು. ಸಕ್ಕರೆಯನ್ನು ಬಿಗಿಯಾಗಿ ಹಿಡಿದಿಟ್ಟವರಲ್ಲಿ ಕಣ್ಣಿನ ಈ ತೊಂದರೆ ಹೊಸದಾಗಿ ಬರುವ ಸಂಭವ ಶೇಕಡಾ 76ರಷ್ಟು ಕಡಿಮೆಯಾಗಿತ್ತು. ನಮ್ಮಂಥವರಿಗೆ ನಡುವಯಸ್ಸಿನಲ್ಲಿ ಬರುವ ಮಧುಮೇಹದಲ್ಲಿ ರಕ್ತದೊತ್ತಡ ಇಳಿಸಿದರೂ ಕಣ್ಣಿಗೆ ರಕ್ಷಣೆ ಸಿಗುತ್ತದೆಂದು 1998ರ ಬ್ರಿಟನ್ನಿನ ಅಧ್ಯಯನ ತೋರಿಸಿತು.

ಆದ್ದರಿಂದ ದೊಡ್ಡವರಿಗೆ ಸಕ್ಕರೆ ಕಾಯಿಲೆ ಎಂದು ತಿಳಿದ ಕೂಡಲೇ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಅಥವಾ ವೈದ್ಯರು ಹೇಳಿದಂತೆ ಹನಿ ಹಾಕಿಸಿ ಪರೀಕ್ಷೆ ಮಾಡಿಸಿರಿ. ಮೊದಲೇ ಮಧುಮೇಹವಿರುವ ಮಗಳು-ಸೊಸೆಯಂದಿರು ಗರ್ಭಿಣಿಯರಾದರೆ ಮೊದಲ ಮೂರು ತಿಂಗಳಲ್ಲೇ ತೋರಿಸಿರಿ. ಹನಿ ಹಾಕಿದ ಮೇಲೆ ಕೆಲವು ತಾಸು ಮಂಜಾಗಿ ಕಾಣುತ್ತದೆ. ಸ್ಕೂಟರ್ ಹತ್ತಬೇಡಿರಿ, ಜೊತೆಗೆ ಒಬ್ಬರಿರಲಿ. ಕಪ್ಪು ಚುಕ್ಕೆಗಳು ಒಮ್ಮೆಲೇ ತೇಲಿದರೆ, ಪರದೆ ಇಳಿದಂತಾದರೆ ಅಂದೇ ಹೊರಡಿರಿ.

ನಮ್ಮ ಕಣ್ಣಿನ ಚುಕ್ಕೆಗಳು ಮೂರು ವರ್ಷದಿಂದ ಹೆಚ್ಚಿಲ್ಲ. ಅಣ್ಣನವರು ಈಗಲೂ ಸಂಜೆ ಅಂಗಡಿಗೆ ಬಂದು ಕೂಡುತ್ತಾರೆ. ಗುರುತಿನ ಗಿರಾಕಿಗಳು ಬಂದರೆ ಮೊದಲು ಕೇಳುವುದು ಒಂದೇ: "ಶುಗರ್ ಇದೆಯೇನಪ್ಪಾ? ಕಣ್ಣು ಯಾವಾಗ ತೋರಿಸಿದಿ?"

ಅದೇ ಪ್ರಶ್ನೆಯನ್ನು ಅವರ ಪರವಾಗಿ ನಾವು ತಮಗೂ ಕೇಳುತ್ತಿದ್ದೇವೆ. ವರ್ಷಕ್ಕೊಮ್ಮೆ ಅಂಗಡಿಯ ಮಾಲು ಎಣಿಸುವ ನಾವು ಕಣ್ಣಿಗಾಗಿ ಒಂದು ದಿನ ಕೊಡಲಾರೆವೇ?